ಮಾತು ಎತ್ತಿಕೊಡುವವನು

ಜನವರಿ ೧೨

ಮರಿ,

ಐವತ್ತೊಂದು ವರ್ಷದ ಗಂಡಸನ್ನು ಮರಿ ಅನ್ನಬೇಡ ಎಂದು ನೀನು ಎಷ್ಟು ಗೊಣಗಿದರೂ ನನ್ನ ಪೆನ್ನಿಗೆ ಬೇರೆ ಹೆಸರು ಬರುವುದಿಲ್ಲ. ಹೋದ ವರ್ಷ ನಿನ್ನಿಂದ ಬಂದದ್ದು ಎರಡೇ ಕಾಗದ. ಫೋನು ನಿನ್ನ ಕಿವಿಗೆ ಕೇಳದು, ಅದರ ಪರದೆಯ ಮೇಲೆ ಅಕ್ಷರ ಒತ್ತುವುದು ನನ್ನ ಬೆರಳಿಗೆ ಒಗ್ಗದು. ನಾವು ಬರೆಯದಿದ್ದರೆ ಈ ಬೀದಿಗೆ ಪೋಸ್ಟಿನವನು ಬರುವುದನ್ನೇ ಬಿಡುತ್ತಾನೆ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಬೆಳಗಿನ ನಡಿಗೆಯ ಗುಂಪು ಮೊನ್ನೆ ಶನಿವಾರ ಹಳೆಯ ರಂಗಮಂದಿರ ನೋಡಲು ಹೋಗಿತ್ತು. ವರ್ಷಗಟ್ಟಲೆ ದುರಸ್ತಿ ಮಾಡಿ ಈಗ ಬಾಗಿಲು ತೆರೆದಿದ್ದಾರೆ. ಹತ್ತು ಜನಕ್ಕಿಂತ ಹೆಚ್ಚಿದ್ದರೆ ಒಳಗೆಲ್ಲ ಸುತ್ತಾಡಿಸಿ ತೋರಿಸುತ್ತಾರಂತೆ. ನಾವು ಹನ್ನೊಂದು ಮಂದಿ, ನೋಯುವ ಮಂಡಿಗಳ ಲೆಕ್ಕದಲ್ಲಿ ಇಪ್ಪತ್ತೆರಡು.

ಹೋಗಲೋ ಬೇಡವೋ ಎಂದು ಎರಡು ದಿನ ಹಿಂದೆಮುಂದೆ ನೋಡಿದೆ. ಅಪ್ಪ ಹನ್ನೆರಡು ವರ್ಷ ಪ್ರಾಂಪ್ಟರ್ ಆಗಿ ಕೂತ ಜಾಗ ಅದು. ನಮ್ಮನ್ನು ಬಿಟ್ಟು ಹೊರಟದ್ದೂ ಅಲ್ಲಿಂದಲೇ. ನಲವತ್ತನಾಲ್ಕು ವರ್ಷ ಆ ಬೀದಿಯಲ್ಲಿ ನಾನು ಮುಖ ತಿರುಗಿಸಿಕೊಂಡೇ ನಡೆದಿದ್ದೇನೆ. ಆದರೆ ಅಲ್ಲಿನ ರಂಗದ ನೆಲಹಾಸು ನೀನು ಹಾಕಿದ್ದು. ಅದನ್ನಾದರೂ ಕಣ್ಣಿಂದ ನೋಡೋಣ ಅನ್ನಿಸಿತು.

ಚೆನ್ನಾಗಿ ಮಾಡಿದ್ದಾರೆ. ಕೆಂಪು ಕುರ್ಚಿ, ಛಾವಣಿಗೆ ಹೊಸ ಬಣ್ಣ, ಹಿತ್ತಾಳೆಯ ಹಿಡಿಕೆಗಳಲ್ಲಿ ಮುಖ ಕಾಣುತ್ತದೆ. ತೋರಿಸಲು ಬಂದವಳು ಇತಿಹಾಸ ಓದಿದ ಹುಡುಗಿ. ರಂಗದ ಮುಂದಿನ ಅಂಚಿನಲ್ಲಿ ಕೋಳಿಗೂಡಿನಂಥ ಮರದ ಮುಚ್ಚು ಇದೆಯಲ್ಲ, ಅದರ ಮುಂದೆ ನಿಂತು, ನಟರು ಮಾತು ಮರೆತಾಗ ಇಲ್ಲಿ ಕೆಳಗೆ ಕೂತವರು ಎತ್ತಿಕೊಡುತ್ತಿದ್ದರು ಎಂದು ವಿವರಿಸಿದಳು. ರಂಗದ ಮೇಲೆ ಪಿಸುಗುಟ್ಟಿದರೂ ಕೊನೆಯ ಸಾಲಿಗೆ ಕೇಳುತ್ತದೆ, ಒಬ್ಬೊಬ್ಬರಾಗಿ ಹತ್ತಿ ಏನಾದರೂ ಹೇಳಿ ನೋಡಿ ಅಂದಳು.

ಮೊದಲು ಹತ್ತಿದವರು ನಿವೃತ್ತ ಪೋಸ್ಟ್‌ಮಾಸ್ಟರು. ಮೂರನೇ ಕ್ಲಾಸಿನ ಪುಸ್ತಕದ ಪದ್ಯ ಹೇಳುತ್ತೇನೆಂದು ಎದೆಯುಬ್ಬಿಸಿ ನಿಂತರು. ನಾಲ್ಕನೇ ಸಾಲಿಗೆ ತಡವರಿಸಿದರು, ಕತ್ತು ಸ್ವಲ್ಪ ವಾಲಿಸಿದರು, ಮತ್ತೆ ಸರಾಗವಾಗಿ ಹೇಳಿ ಮುಗಿಸಿದರು. ಇಳಿದು ಬಂದು ಹುಡುಗಿಗೆ, “ಸಮಯಕ್ಕೆ ಸರಿಯಾಗಿ ಹೇಳ್ಕೊಟ್ಟೆ ತಾಯಿ” ಅಂದರು. ಅವಳು ಕೊನೆಯ ಸಾಲಿನಲ್ಲಿ ನಿಂತಿದ್ದಳು. ತನಗೆ ಆ ಪದ್ಯವೇ ಗೊತ್ತಿಲ್ಲ ಎಂದಳು. ಎಲ್ಲರೂ ನಕ್ಕೆವು.

ಆಮೇಲೆ ಹತ್ತಿದವಳು ಡಬ್ಬಿಯಮ್ಮ. ಎಲ್ಲಿಗೆ ಹೊರಟರೂ ಕೈಯಲ್ಲಿ ತಿಂಡಿಯ ಡಬ್ಬಿ ಹಿಡಿದೇ ಹೊರಡುತ್ತಾಳಲ್ಲ, ಅವಳು. ತನಗೆ ಪದ್ಯಗಿದ್ಯ ಬರುವುದಿಲ್ಲ, ಹೆತ್ತ ಮಕ್ಕಳ ಹೆಸರು ಹೇಳುತ್ತೇನೆ ಎಂದು ನಗಿಸುತ್ತಾ ನಿಂತಳು. ಮೂರು ಹೆಸರು ಹೇಳಿದಳು. ಅವಳಿಗಿರುವುದೇ ಮೂವರು. ಬಾಯಿ ಮುಚ್ಚಿದವಳು ಬಗ್ಗಿ ಆ ಮರದ ಮುಚ್ಚಿನ ಕಡೆ ನೋಡಿದಳು, ಬಹಳ ನಿಧಾನವಾಗಿ ನಾಲ್ಕನೆಯ ಹೆಸರೊಂದನ್ನು ಹೇಳಿದಳು. ವಾಪಸು ಬರುವಾಗ ಬಸ್ಸಿನಲ್ಲಿ ಡಬ್ಬಿ ತೆರೆಯಲೇ ಇಲ್ಲ.

ನಾನೂ ಹತ್ತಿದೆ. ಏನೂ ಹೇಳದೆ ಇಳಿದೆ. ಮಂಡಿನೋವು ಎಂದೆ.

ಆ ನೆಲಹಾಸು ಯಾವ ಮರದ್ದು, ಬರೆ. ಅಲ್ಲಿ ಕೆಲಸ ಮಾಡುವಾಗ ನಿನಗೆ ಏನಾದರೂ ವಿಚಿತ್ರ ಅನ್ನಿಸಿತ್ತೇ, ಅದನ್ನೂ ಬರೆ. ಅಷ್ಟು ಒಳ್ಳೆಯ ಕೆಲಸವನ್ನು ಅರ್ಧಕ್ಕೆ ಕೈಬಿಟ್ಟು ಇದ್ದಕ್ಕಿದ್ದಂತೆ ಆ ದೂರದ ಬಂದರಿಗೆ ಯಾಕೆ ಹೋದೆ ಎಂದು ನೀನು ಇವತ್ತಿಗೂ ಹೇಳಿಲ್ಲ. ಅಮ್ಮ ಹೋಗಿ ಬರುವ ತಿಂಗಳಿಗೆ ಎರಡು ವರ್ಷ. ಆಗ ನೀನು ಬರಲಿಲ್ಲ ಎಂಬುದನ್ನು ಎತ್ತಬಾರದು ಅಂದುಕೊಂಡೇ ಎತ್ತಿಬಿಟ್ಟೆ ನೋಡು.

ಅಕ್ಕ


ಜನವರಿ ೨೫

ಅಕ್ಕ,

ಕಾಗದ ಸಿಕ್ಕಿತು. ಇಲ್ಲಿ ದೋಣಿ ಕೆಲಸ ಜೋರಾಗಿದೆ, ತಲೆಯೆತ್ತಲು ಪುರಸೊತ್ತಿಲ್ಲ.

ನೆಲಹಾಸು ತೇಗದ್ದು. ಒಂದೂಕಾಲು ಇಂಚು ದಪ್ಪ. ಮಾತು ಕೊನೆಯ ಸಾಲಿಗೆ ಹೋಗುವುದು ಮರದಿಂದಲ್ಲ, ಕೆಳಗಿನ ಖಾಲಿ ಜಾಗದಿಂದ. ಡೋಲಿನ ಹೊಟ್ಟೆಯ ಹಾಗೆ ಅದು. ಪೋಸ್ಟ್‌ಮಾಸ್ಟರಿಗೆ ಪದ್ಯ ತಾನಾಗಿ ನೆನಪಾಗಿರಬೇಕು.

ನೀನು ಮತ್ತೆ ಅಲ್ಲಿಗೆ ಹೋಗಬೇಡ. ಹೋದರೂ ರಂಗದ ಕೆಳಕ್ಕೆ ಇಳಿಯಬೇಡ. ಹಿಂದಿನ ಗೋಡೆಯ ಬುಡದಲ್ಲಿ ಒಂದು ಗುಂಡಿ ಇದೆ. ಪರದೆ ಮೇಲೇರುವಾಗ ಮರಳುಚೀಲದ ಭಾರ ಅದರೊಳಕ್ಕೆ ಇಳಿಯುತ್ತಿತ್ತು. ಅದರ ಮೇಲಿನ ಹಲಗೆ ಗಟ್ಟಿಯಲ್ಲ.

ನೀನು ರಂಗ ಹತ್ತಿ ಏನೂ ಹೇಳದೆ ಇಳಿದೆ ಎಂದು ಬರೆದಿದ್ದೀ. ಆ ಸಾಲನ್ನು ನಾಲ್ಕು ಸಲ ಓದಿದೆ. ನಿನಗೆ ಏನಾದರೂ ಕೇಳಿಸಿತೋ ಇಲ್ಲವೋ ಎಂದು ನೀನು ಬರೆದಿಲ್ಲ.

ಅಮ್ಮನ ವಿಷಯ ಬೇಡ.

ತಮ್ಮ


ಫೆಬ್ರವರಿ ೬

ಮರಿ,

ನೀನು ಊರು ಬಿಟ್ಟ ಗುಟ್ಟು ರಟ್ಟಾಯಿತು. ಗುಂಡಿಯ ಹಲಗೆಯನ್ನು ನೆಟ್ಟಗೆ ಹಾಕಿಲ್ಲ, ಯಾರಾದರೂ ಬಿದ್ದು ಕಾಲು ಮುರಿದುಕೊಂಡಾರು ಎಂದು ಹೆದರಿ ಓಡಿಹೋಗಿದ್ದೀ. ಮೊದಲೇ ಹೇಳಿದ್ದರೆ ಬೇರೆ ಯಾರಿಗಾದರೂ ಹೇಳಿ ಸರಿಮಾಡಿಸಬಹುದಿತ್ತಲ್ಲ ಎಂದು ನಗುತ್ತಾ ಇದನ್ನು ಬರೆಯಲು ಕೂರಬೇಕಿತ್ತು. ನಗು ಬರುತ್ತಿಲ್ಲ.

ಮೊನ್ನೆ ಡಬ್ಬಿಯಮ್ಮ ಮನೆಗೆ ಬಂದಿದ್ದಳು. ಹದಿನೈದು ದಿನದಿಂದ ನಡಿಗೆಗೆ ಬಂದಿರಲಿಲ್ಲ. ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಹಾಲು ಉಕ್ಕುವುದನ್ನೇ ನೋಡುತ್ತಾ ಹೇಳಿದಳು. ಮೊದಲನೆಯ ಮಗನಿಗೂ ಮುಂಚೆ ಅವಳಿಗೊಂದು ಹೆಣ್ಣು ಹುಟ್ಟಿತ್ತಂತೆ, ಒಂದು ದಿನ ಬದುಕಿತ್ತಂತೆ. ಆಸ್ಪತ್ರೆಯ ಚೀಟಿಯಲ್ಲಿ ಒಂದೇ ಒಂದು ಸಲ ಬರೆಸಿದ ಹೆಸರು. ಗಂಡ ಸತ್ತು, ಅತ್ತೆ ಸತ್ತು, ಆ ಹೆಸರು ಗೊತ್ತಿದ್ದವರು ಭೂಮಿಯ ಮೇಲೆ ಅವಳೊಬ್ಬಳೇ. “ಅವತ್ತು ಮೂರು ಹೇಳಿ ಸುಮ್ನಾದೆ ಟೀಚರಮ್ಮ. ಕೆಳಗಿಂದ ಯಾರೋ ನಾಲ್ಕನೇದು ಹೇಳಿದ್ರು. ಗಂಡಸಿನ ದನಿ. ಪ್ರೀತಿನೂ ಇಲ್ಲ, ಸಿಟ್ಟೂ ಇಲ್ಲ, ಸುಮ್ನೆ ಓದಿದ ಹಾಗೆ,” ಅಂದಳು. ಇನ್ನೊಂದು ಸಲ ಕೇಳಬೇಕು, ಜೊತೆಗೆ ಬಾ ಎಂದು ನನ್ನ ಕೈ ಹಿಡಿದುಕೊಂಡಳು.

ಇಬ್ಬರೇ ಹೋದರೆ ಒಳಗೆ ಬಿಡುವುದಿಲ್ಲ. ಬೇರೊಂದು ಗುಂಪಿನ ಬಾಲ ಹಿಡಿದು ಹೋದೆವು. ಡಬ್ಬಿಯಮ್ಮ ರಂಗ ಹತ್ತಲಿಲ್ಲ. ಆ ಮರದ ಮುಚ್ಚಿನ ಪಕ್ಕ ಕೂತು ಸುಮ್ಮನೆ ಕಾದಳು. ನಾನು ಹುಡುಗಿಯನ್ನು ಕಾಡಿಬೇಡಿ ಕೆಳಕ್ಕೆ ಇಳಿದೆ. ಬೈಯಬೇಡ. ಏಳು ಮೆಟ್ಟಿಲು. ತಲೆ ಬಗ್ಗಿಸಿಯೇ ನಡೆಯಬೇಕು. ಅಪ್ಪ ಕೂರುತ್ತಿದ್ದ ಸ್ಟೂಲು ಈಗಲೂ ಅಲ್ಲಿದೆ, ಹುಡುಗಿ ಅದಕ್ಕೊಂದು ಚೀಟಿ ಅಂಟಿಸಿದ್ದಾಳೆ. ಹಿಂದಿನ ಗೋಡೆಯ ಹತ್ತಿರ ನೀನು ಹೇಳಿದ ಗುಂಡಿಯ ಹಲಗೆ ನೋಡಿದೆ.

ಮರಿ, ಅದು ಗಟ್ಟಿಯಲ್ಲ ಎಂದು ಯಾಕೆ ಬರೆದೆ? ಆನೆ ನಿಂತರೂ ಅಲ್ಲಾಡುವುದಿಲ್ಲ. ನಾಲ್ಕು ಮೊಳೆ ಸಾಕಾಗುವ ಕಡೆ ಮೂವತ್ತು ಮೊಳೆ ಹೊಡೆದಿದ್ದೀ, ನಾನು ಎಣಿಸಿದೆ. ಕೆಲವು ಓರೆಯಾಗಿ ಹೋಗಿವೆ. ನೀನು ಹತ್ತು ವರ್ಷದವನಿದ್ದಾಗಲೂ ಮೊಳೆ ಓರೆಯಾಗಿ ಹೊಡೆದವನಲ್ಲ.

ಅದರೊಳಗೆ ಏನಿದೆ?

ಅಕ್ಕ


ಫೆಬ್ರವರಿ ೨೨

ಅಕ್ಕ,

ಕೂತು ಓದು. ಒಬ್ಬಳೇ ಇರುವಾಗ ಓದು.

ಆ ಹಲಗೆಯ ಕೆಳಗೆ ಅಪ್ಪ ಇದ್ದಾನೆ.

ನೆಲಹಾಸಿನ ಕೆಲಸ ಮುಗಿಯಲು ಒಂದು ವಾರ ಉಳಿದಿತ್ತು. ಗುಂಡಿಯ ಹಳೆಯ ಮುಚ್ಚಳ ಮುರಿದಿದೆ, ಹೊಸದು ಹಾಕು ಎಂದು ಮೇಸ್ತ್ರಿ ಹೇಳಿದ. ಮಧ್ಯಾಹ್ನ, ಉಳಿದವರು ಊಟಕ್ಕೆ ಹೋಗಿದ್ದರು. ಮುಚ್ಚಳದ ಮೇಲೆ ಹಳೆಯ ಪರದೆಗಳು ಕುಸಿದು ಬಿದ್ದು ರಾಶಿಯಾಗಿದ್ದವು. ಅದನ್ನೆಲ್ಲ ಎಳೆದು ಟಾರ್ಚ್ ಬಿಟ್ಟೆ. ಮೂರು ಆಳು ಆಳ, ತಳದಲ್ಲಿ ಒಣ ಮರಳು. ಮೊದಲು ಚಪ್ಪಲಿ ಕಂಡಿತು. ಆಮೇಲೆ ಮೂಳೆ. ಆಮೇಲೆ ಕನ್ನಡಕ. ಅದರ ಬಲಗಡೆಯ ಕಡ್ಡಿಗೆ ತಾಮ್ರದ ತಂತಿ ಸುತ್ತಿತ್ತು. ಅಪ್ಪ ಅದನ್ನು ಸುತ್ತುವಾಗ ತಂತಿಯ ಇನ್ನೊಂದು ತುದಿ ಹಿಡಿದುಕೊಂಡು ನಿಂತವನು ನಾನು. ಏಳು ವರ್ಷ ನನಗೆ.

ನನ್ನ ಎರಡೂ ಕಿವಿ ಗರಗಸದ ಮಿಲ್ಲಿನಲ್ಲಿ ಹೋದದ್ದು ನಿನಗೆ ಗೊತ್ತು. ಪಕ್ಕದಲ್ಲಿ ಸುತ್ತಿಗೆ ಬಡಿದರೆ ನನಗೆ ಅದರ ನಡುಕ ಮಾತ್ರ ತಿಳಿಯುತ್ತದೆ. ಗುಂಡಿಯ ಅಂಚಿನಲ್ಲಿ ಕೂತು ಅಪ್ಪಾ ಅಂದೆ. ಮುಂದೆ ಏನು ಹೇಳಬೇಕೆಂದು ತೋಚಲಿಲ್ಲ. ಆಗ ಕೇಳಿಸಿತು. ಕಿವಿ ಇದ್ದ ಕಾಲದಲ್ಲೂ ನನಗೆ ಅಷ್ಟು ಸ್ಪಷ್ಟವಾಗಿ ಏನೂ ಕೇಳಿಸಿರಲಿಲ್ಲ.

“ನಾನು ಚೆನ್ನಾಗಿದ್ದೇನೆ. ನನ್ನನ್ನು ಹುಡುಕಬೇಡಿ.”

ಆ ಮಾತು ನಮಗಿಬ್ಬರಿಗೂ ಬಾಯಿಪಾಠ. ಅಪ್ಪ ಕಾಣೆಯಾದ ಆರನೇ ದಿನ ಪೋಸ್ಟಿನಲ್ಲಿ ಬಂದ ಕಾಗದದ ಮೊದಲ ಸಾಲು. ಅಮ್ಮ ಅದನ್ನು ಪೆಟ್ಟಿಗೆಯ ತಳದಲ್ಲಿ ಇಟ್ಟುಕೊಂಡಿದ್ದಳು, ಸಿಟ್ಟು ಬಂದಾಗಲೆಲ್ಲ ತೆಗೆದು ಓದುತ್ತಿದ್ದಳು. ಬೇರೆ ಊರಿನಲ್ಲಿ ಬೇರೆ ಬದುಕು ಕಟ್ಟಿಕೊಂಡಿದ್ದೇನೆ ಎಂದು ಬರೆದ ಮನುಷ್ಯ ಇಲ್ಲಿ ಗುಂಡಿಯಲ್ಲಿ ಬಿದ್ದಿದ್ದಾನೆ. ಹಾಗಾದರೆ ಆ ಕಾಗದ ಬರೆದವರು ಯಾರು?

ಅವನು ಕಾಣೆಯಾದ ದಿನ ಸಂಜೆ ಅಮ್ಮ ಲಾಂದ್ರ ಹಿಡಿದು ರಂಗಮಂದಿರದ ಕಡೆ ಹೋದದ್ದು ನನಗೆ ನೆನಪಿದೆ. ವಾಪಸು ಬಂದಾಗ ಸೀರೆಯ ಅಂಚೆಲ್ಲ ಧೂಳು, ಅಂಗೈಯಲ್ಲಿ ರಕ್ತ. ನಾನು ಬಾಗಿಲ ಹಿಂದೆ ನಿಂತು ನೋಡಿದ್ದೆ. ಅವರಿಬ್ಬರ ಜಗಳ ಬೀದಿಗೇ ಗೊತ್ತಿತ್ತು.

ಅಪ್ಪ ಅವಳನ್ನು ಕ್ಷಮಿಸಿದ್ದಾನೆ, ಅವಳನ್ನು ಕಾಪಾಡಲೆಂದೇ ಗುಂಡಿಯೊಳಗಿಂದಲೂ ಅದೇ ಮಾತು ಹೇಳುತ್ತಿದ್ದಾನೆ ಅಂದುಕೊಂಡೆ. ಹುಡುಕಬೇಡಿ ಎಂದ ಮೇಲೆ ಹುಡುಕುವುದು ಬೇಡ. ಕೈಗೆ ಸಿಕ್ಕಷ್ಟು ಮೊಳೆ ಹೊಡೆದೆ. ಅವನು ಕ್ಷಮಿಸಿದ ಹಾಗೆ ನನ್ನಿಂದ ಕ್ಷಮಿಸಲು ಆಗಲಿಲ್ಲ. ಸಂಜೆ ಮನೆಗೆ ಬಂದಾಗ ಅಮ್ಮ ತಟ್ಟೆ ಹಾಕಿಕೊಂಡು ಕಾಯುತ್ತಿದ್ದಳು. ಆ ಕೈ ನೋಡಿ ನನಗೆ ಊಟ ಇಳಿಯಲಿಲ್ಲ. ನಾಲ್ಕನೇ ದಿನ ಊರು ಬಿಟ್ಟೆ. ಅವಳು ಹೋದಾಗಲೂ ಬರಲಿಲ್ಲ. ರಜೆ ಸಿಗಲಿಲ್ಲ ಎಂದು ಬರೆದದ್ದು ಸುಳ್ಳು.

ಇನ್ನೊಂದು ಇದೆ. ಅಂದಿನಿಂದ ನಾನು ಮಾತಾಡುವಾಗ ನಡುವೆ ನಿಲ್ಲುವುದಿಲ್ಲ. ನಿಂತರೆ ಮುಂದಿನ ಮಾತು ಕೇಳಿಸುತ್ತದೆ. ಅದಕ್ಕೇ ಮಾತನ್ನೇ ಬಿಟ್ಟುಬಿಟ್ಟಿದ್ದೇನೆ, ಇಲ್ಲಿನವರು ನನ್ನನ್ನು ಮೂಗ ಅಂದುಕೊಂಡಿದ್ದಾರೆ.

ಯಾರಿಗೂ ಹೇಳಬೇಡ. ಅಮ್ಮ ಈಗಿಲ್ಲ, ಅವಳ ಹೆಸರಾದರೂ ಉಳಿಯಲಿ.

ತಮ್ಮ


ಮಾರ್ಚ್ ೧೭

ಅಕ್ಕ,

ಮೂರು ವಾರ ಆಯಿತು. ಪೋಸ್ಟಿನವನನ್ನು ದಾರಿಯಲ್ಲೇ ಅಡ್ಡಹಾಕಿ ಕೇಳುತ್ತಿದ್ದೇನೆ. ನಿನಗೆ ಮೈ ಹುಷಾರಿಲ್ಲವೇ? ನಾನು ಬರೆದದ್ದನ್ನು ನಂಬಲಿಲ್ಲವೇ? ನೀನು ಅಮ್ಮನನ್ನು ಕೊನೆಯವರೆಗೂ ನೋಡಿಕೊಂಡವಳು. ನಿನಗೆ ಅದು ತಿಳಿಯದೇ ಇರಲಿ ಎಂದು ನಾಲ್ಕು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದೆ. ಹೇಳಿ ತಪ್ಪು ಮಾಡಿದೆನೇನೋ.

ಒಂದು ಸಾಲು ಬರೆ, ಸಾಕು.

ತಮ್ಮ


ಮಾರ್ಚ್ ೨೬

ಮರಿ,

ಅಮ್ಮ ಏನೂ ಮಾಡಲಿಲ್ಲ. ಆ ಕಾಗದ ಬರೆದವಳು ನಾನು.

ಈ ಒಂದು ಸಾಲು ಬರೆಯಲು ನನಗೆ ಒಂದು ತಿಂಗಳು ಹಿಡಿಯಿತು. ನಿಜ ಹೇಳಬೇಕೆಂದರೆ ನಲವತ್ತನಾಲ್ಕು ವರ್ಷ.

ನಾನು ಅಪ್ಪನ ಪಕ್ಕ ಕೂತು ನಟರ ಪಾಠಗಳನ್ನು ನಕಲು ಮಾಡಿಕೊಡುತ್ತಿದ್ದೆ, ನೆನಪಿದೆಯೇ? ಹದಿನೈದು ವರ್ಷಕ್ಕೆ ನನ್ನ ಅಕ್ಷರ ಯಾವುದು, ಅವನದ್ದು ಯಾವುದು ಎಂದು ಅವನಿಗೇ ತಿಳಿಯುತ್ತಿರಲಿಲ್ಲ. ಕೊನೆಯ ಆಟ ಮುಗಿದು, ಮಾಲೀಕರ ದಾಯಾದಿ ಜಗಳದಲ್ಲಿ ರಂಗಮಂದಿರಕ್ಕೆ ಬೀಗ ಬಿದ್ದ ದಿನ ಅಪ್ಪ ಮನೆಗೆ ಬರಲಿಲ್ಲ. ಅಮ್ಮ ಲಾಂದ್ರ ಹಿಡಿದು ಹೊರಟಾಗ ಜೊತೆಗೆ ಹೋದವಳು ನಾನು. ನೀನು ಬಾಗಿಲ ಹಿಂದೆ ನಿಂತು ಅವಳೊಬ್ಬಳನ್ನೇ ನೋಡಿದ್ದೀ; ನಾನು ಬಚ್ಚಲಲ್ಲಿ ಕಾಲು ತೊಳೆಯುತ್ತಿದ್ದೆ. ಅವಳು ಹಿಂಬಾಗಿಲನ್ನು ಬಡಿದೂ ಬಡಿದೂ ಚಿಲಕ ತಾಗಿ ಅಂಗೈ ಕೊಯ್ದುಕೊಂಡಳು. ಒಳಗಿನಿಂದ ಯಾರೂ ಓ ಅನ್ನಲಿಲ್ಲ. ನಾಟಕದವರ ಜೊತೆ ಮುಂದಿನ ಊರಿಗೆ ಹೋಗಿರಬೇಕು ಎಂದುಕೊಂಡು ಬಂದೆವು. ಮರುದಿನ ವಿಚಾರಿಸಿದರೆ ಅವರ ಜೊತೆಗೂ ಇಲ್ಲ.

ಅಮ್ಮ ಊಟ ಬಿಟ್ಟಳು. ಹೊಸ್ತಿಲ ಮೇಲೆ ಕೂತವಳು ಏಳಲಿಲ್ಲ. ಮೂರನೇ ದಿನ ಕೂತಲ್ಲೇ ಕಣ್ಣು ಕತ್ತಲೆ ಬಂದು ಬಿದ್ದಳು. ನೀನು ಅವಳ ಬೆನ್ನಿಗೆ ಅಂಟಿಕೊಂಡು ಅಳುತ್ತಿದ್ದೆ. ಅಪ್ಪ ಹಿಂದೆಯೂ ಎರಡು ಸಲ ಹೇಳದೆ ಕೇಳದೆ ತಿಂಗಳುಗಟ್ಟಲೆ ಹೋಗಿ ಬಂದಿದ್ದ. ಈ ಸಲವೂ ಬರುತ್ತಾನೆ, ಅಲ್ಲಿಯವರೆಗೆ ಇವಳು ಬದುಕಿರಲಿ ಎಂದು ಅವನ ಅಕ್ಷರದಲ್ಲಿ ಒಂದು ಕಾಗದ ಬರೆದೆ. ಲಾರಿಯವನೊಬ್ಬನ ಕೈಯಲ್ಲಿ ಕೊಟ್ಟು ಬೇರೆ ಊರಿನ ಪೋಸ್ಟ್ ಡಬ್ಬಿಗೆ ಹಾಕಿಸಿದೆ. ಬೇರೆ ಬದುಕು ಕಟ್ಟಿಕೊಂಡಿದ್ದೇನೆ ಎಂದು ಸೇರಿಸಿದ್ದು ಸಿಟ್ಟಿಗೆ. ಕಾಗದ ಬಂದ ದಿನ ಅಮ್ಮ ಓದಿದಳು, ಹರಿಯಲಿಲ್ಲ, ಎದ್ದು ಹೋಗಿ ಊಟಕ್ಕೆ ಕೂತಳು. ಆ ದ್ವೇಷವನ್ನೇ ಉಂಡು ನಲವತ್ತೆರಡು ವರ್ಷ ಬದುಕಿದಳು. ಅವನು ಬರಲೇ ಇಲ್ಲವಲ್ಲ, ಹಾಗಾಗಿ ನಾನೂ ನಿಜವಾಗಿ ಬಿಟ್ಟೇ ಹೋದ ಎಂದು ನಂಬಿದೆ. ನಾನು ಬರೆದ ಸುಳ್ಳನ್ನು ನಾನೇ ನಂಬಿದೆ.

ಈಗ ಜನವರಿಯ ಆ ಶನಿವಾರ. ನಾನು ರಂಗ ಹತ್ತಿ ಬಾಯಿ ತೆರೆಯುವ ಮೊದಲೇ ಕೆಳಗಿಂದ ದನಿ ಬಂತು. ನಾನು ಚೆನ್ನಾಗಿದ್ದೇನೆ. ನನ್ನನ್ನು ಹುಡುಕಬೇಡಿ. ಅಪ್ಪನ ದನಿಯೇ. ಮಂಡಿನೋವು ಎಂದು ನಿನಗೆ ಸುಳ್ಳು ಬರೆದೆ.

ಪ್ರಾಂಪ್ಟರ್ ಆದವನು ತನ್ನ ಮಾತು ಆಡಬಾರದು, ಬರೆದದ್ದನ್ನು ಮಾತ್ರ ಎತ್ತಿಕೊಡಬೇಕು ಎಂದು ಅಪ್ಪ ನನಗೆ ಹೇಳುತ್ತಿದ್ದ. ಮರಿ, ನಿನಗೆ ಕೇಳಿಸಿದ್ದು ಅವನ ಮಾತಲ್ಲ. ಅವನ ಬಾಯಿಗೆ ನಾನು ಬರೆದಿಟ್ಟ ಮಾತು. ಅವನು ಅಮ್ಮನನ್ನು ಕ್ಷಮಿಸುತ್ತಲೂ ಇರಲಿಲ್ಲ, ಕಾಪಾಡುತ್ತಲೂ ಇರಲಿಲ್ಲ. ಅವನ ಹತ್ತಿರ ಹೇಳಲು ಬೇರೆ ಏನೂ ಇರಲಿಲ್ಲ.

ಇನ್ನೂ ಕೆಟ್ಟದ್ದು ಉಳಿದಿದೆ, ಅದನ್ನೂ ಬರೆದುಬಿಡುತ್ತೇನೆ. ಆಗ ಟಿಕೆಟ್ ಕೊಡುತ್ತಿದ್ದ ಮನುಷ್ಯ ಇನ್ನೂ ಇದ್ದಾರೆ. ತೊಂಬತ್ತು ದಾಟಿದೆ, ಮಗಳ ಮನೆಯ ಮುಂಗೋಣೆಯಲ್ಲಿ ಮಲಗಿರುತ್ತಾರೆ, ತಲೆ ನೆಟ್ಟಗಿದೆ. ಹುಡುಕಿಕೊಂಡು ಹೋದೆ. ಬೀಗ ಬಿದ್ದ ಮೇಲೂ ಒಳಗಿನಿಂದ ದನಿ ಕೇಳುತ್ತಿತ್ತಂತೆ. ಟಿಕೆಟ್ ಕಿಟಕಿಗೆ ಕಿವಿಯಿಟ್ಟು ಕೇಳಿದ್ದಾರೆ. ಕೂಗಲ್ಲ, ಅಳುವಲ್ಲ. ಕೊನೆಯ ನಾಟಕದ ಮಾತುಗಳು, ಒಂದಾದ ಮೇಲೊಂದು, ತಪ್ಪದೆ. ಯಾರೋ ಒಳಗೆ ಉಳಿದಿದ್ದಾರೆ ಎಂದು ಮಾಲೀಕರನ್ನು ಒಪ್ಪಿಸಿ ಬೀಗದ ಕೈ ತಂದಿಟ್ಟುಕೊಂಡಿದ್ದರು. ಭಾನುವಾರ ತೆರೆಯುವುದೆಂದು ಮಾತಾಗಿತ್ತು. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: “ಶನಿವಾರ ನಿಮ್ಮ ಮನೆಗೆ ಕಾಗದ ಬಂತು ಅಂತ ಬೀದಿಯೆಲ್ಲ ಹೇಳ್ತು. ಪ್ರಾಂಪ್ಟರು ಎಲ್ಲೋ ಚೆನ್ನಾಗಿದ್ದಾನೆ ಅಂದ್ಮೇಲೆ ಇದು ಇನ್ನೇನೋ ಅಂತ ಹೆದರಿಕೆ ಆಯ್ತಮ್ಮ. ಕೀ ವಾಪಸ್ ಕೊಟ್ಟುಬಿಟ್ಟೆ.” ಅದಾದ ಮೇಲೂ ಐದು ದಿನ ದನಿ ಇತ್ತಂತೆ. ಹನ್ನೊಂದನೇ ದಿನ ನಿಂತಿತಂತೆ.

ಯಾರಿಗೂ ಹೇಳಬೇಡ ಎಂದು ಬರೆದಿದ್ದೀ. ಕ್ಷಮಿಸು. ನಿನ್ನೆ ಪೊಲೀಸ್ ಠಾಣೆಗೆ ಹೋಗಿ ನನ್ನ ಪಾಲಿನದನ್ನೂ ನಿನ್ನ ಪಾಲಿನದನ್ನೂ ಹೇಳಿ ಬಂದೆ. ಏಪ್ರಿಲ್ ಒಂಬತ್ತಕ್ಕೆ ಹಲಗೆ ತೆಗೆಯುತ್ತಾರೆ.

ಅಕ್ಕ


ಏಪ್ರಿಲ್ ೨೦

ಮರಿ,

ನಿನ್ನಿಂದ ಕ್ಷಮೆ ಕೇಳಲು ಬರೆಯುತ್ತಿಲ್ಲ. ನಡೆದದ್ದು ನಿನಗೆ ತಿಳಿಯಬೇಕು, ಅಷ್ಟೇ.

ಒಂಬತ್ತನೇ ತಾರೀಕು ಬೆಳಿಗ್ಗೆ ನಾನೊಬ್ಬಳೇ ಹೊರಟೆ. ಬೀದಿಯ ತಿರುವಿನಲ್ಲಿ ನೋಡಿದರೆ ಗುಂಪಿನವರೆಲ್ಲ ನಡಿಗೆಯ ಬೂಟು ಹಾಕಿಕೊಂಡು ನಿಂತಿದ್ದಾರೆ. ಒಳಗೆ ಹೋಗಿ ಮೂರನೇ ಸಾಲಿನಲ್ಲಿ ಒಟ್ಟಿಗೆ ಕೂತೆವು, ಆಟ ನೋಡಲು ಬಂದವರ ಹಾಗೆ. ಕೆಳಗೆ ಮೊಳೆ ಕೀಳುವ ಸದ್ದು ಕೇಳುತ್ತಿತ್ತು. ಒಂದೊಂದು ಮೊಳೆ ಕಿತ್ತಾಗಲೂ, ಕೀರಲಿನ ಹಿಂದೆಯೇ, ಆ ದನಿ. ಈ ಸಲ ಎಲ್ಲರಿಗೂ ಕೇಳಿಸಿತು. ನಾಟಕದ ಮಾತುಗಳು. ರಾಜನದ್ದು, ರಾಣಿಯದ್ದು, ದೂತನದ್ದು, ಎಲ್ಲ ಒಂದೇ ಏರಿಳಿತವಿಲ್ಲದ ದನಿಯಲ್ಲಿ. ಪೋಸ್ಟ್‌ಮಾಸ್ಟರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಕೆಳಗಿದ್ದ ಇಬ್ಬರು ಕಾನ್‌ಸ್ಟೇಬಲ್‌ಗಳು ಮೇಲೆ ಓಡಿ ಬಂದರು. ಇನ್‌ಸ್ಪೆಕ್ಟರ್ ಮೇಡಂ ಅವರನ್ನು ಗದರಿಸಿ ಮತ್ತೆ ಕಳಿಸಿದರು. ಕೊನೆಗೆ ಹಲಗೆ ಎತ್ತಿದಾಗ ಒಂದು ಮಾತಿನ ಅರ್ಧಕ್ಕೆ ದನಿ ನಿಂತಿತು.

ಅವನನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಮೇಲೆ ತಂದರು. ಇಷ್ಟೇ ಇಷ್ಟು ಗಂಟು. ಎತ್ತಿಕೊಂಡು ಹೋದ ಮೇಲೆ ನಾನು ರಂಗ ಹತ್ತಿ ಮರದ ಮುಚ್ಚಿನ ಮುಂದೆ ನಿಂತೆ. ಅಪ್ಪಾ ಅಂದೆ, ನಿಂತೆ, ಕಾದೆ. ಏನೂ ಇಲ್ಲ. ಮುಂದಿನದನ್ನು ನಾನೇ ಹುಡುಕಿ ಹೇಳಬೇಕಾಯಿತು. ಹತ್ತು ಜನರ ಎದುರು, ಮೂಗು ಸೋರಿಸಿಕೊಂಡು, ಎಲ್ಲವನ್ನೂ ಹೇಳಿದೆ. ಡಬ್ಬಿಯಮ್ಮ ಬಂದು ಕೈ ಹಿಡಿದು ಇಳಿಸಿದಳು.

ಆಸ್ಪತ್ರೆಯ ಡಾಕ್ಟರು ಐದು ದಿನದ ಹಿಂದೆ ವರದಿ ಕೊಟ್ಟರು. ಕತ್ತಿನ ಮೂಳೆ ಎರಡು ತುಂಡಾಗಿದೆ, ಬಿದ್ದ ಕ್ಷಣದಲ್ಲೇ ಜೀವ ಹೋಗಿದೆ, ನರಳಲು ಹೊತ್ತೇ ಇರಲಿಲ್ಲ ಎಂದರು. ನನ್ನ ಕಾಗದ ಬರದಿದ್ದರೂ ಅವನು ಬದುಕುತ್ತಿರಲಿಲ್ಲ. ಅಷ್ಟು ಗಟ್ಟಿಯಾಗಿ ನಾನು ಯಾವತ್ತೂ ಉಸಿರು ಬಿಟ್ಟಿರಲಿಲ್ಲ.

ಅಲ್ಲಿಂದ ನೇರ ಟಿಕೆಟ್ ಕೊಡುತ್ತಿದ್ದವರ ಮನೆಗೆ ಹೋದೆ. ಕೀ ವಾಪಸು ಕೊಟ್ಟ ಕೊರಗು ಅವರನ್ನೂ ತಿನ್ನುತ್ತಿತ್ತಲ್ಲ, ಅವರಿಗೂ ಸಮಾಧಾನವಾಗಲಿ ಎಂದು. ಎಲ್ಲ ಕೇಳಿದರು. ಆಮೇಲೆ ಕೇಳಿದರು:

“ಹಾಗಾದ್ರೆ ಹನ್ನೊಂದು ದಿನ ನಾನು ಕೇಳಿಸ್ಕೊಂಡಿದ್ದು ಯಾರನ್ನಮ್ಮ?”

ಅವರು ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡರು. ಈಗ ಅವರ ಮಗಳು ಆ ಮುಂಗೋಣೆಯ ಕಿಟಕಿ ತೆರೆಯುವುದಿಲ್ಲವಂತೆ.

ಅಪ್ಪ ಆಸ್ಪತ್ರೆಯ ಕೋಣೆಯಲ್ಲಿದ್ದಾನೆ. ಮಣ್ಣು ಎಲ್ಲಿ ಮಾಡಬೇಕೆಂದು ಕೇಳಿದರು. ಅಮ್ಮನ ಪಕ್ಕ ಅನ್ನಲು ಹೋಗಿ ತಡೆದೆ. ಅವಳು ಅವನನ್ನು ಶಪಿಸುತ್ತಲೇ ಹೋದವಳು. ಕೊನೆಯ ಮೂರು ದಿನ ಮಾತ್ರ ಅವನ ಮಾತೇ ಬಿಟ್ಟು, ಮರಿ ಬಂದನಾ, ಮರಿ ಬಂದನಾ ಎಂದು ಕೇಳುತ್ತಿದ್ದಳು. ನೀನು ಬರಲಿಲ್ಲ ಎಂದು ನಾನು ಎರಡು ವರ್ಷ ನಿನ್ನ ಮೇಲೆ ಹಲ್ಲು ಕಡಿದೆ. ನೀನು ಬರದ ಹಾಗೆ ಮಾಡಿದವಳು ನಾನೇ ಎಂದು ತಿಳಿದಿರಲಿಲ್ಲ.

ಅವನನ್ನು ಎಲ್ಲಿಡಬೇಕು ಎಂಬುದನ್ನು ನೀನು ಹೇಳು. ನಾನು ಆ ಮನೆಯ ಪರವಾಗಿ ಬರೆದದ್ದು ಸಾಕು.

ಅಕ್ಕ


ಜೂನ್ ೨೯

ಅಕ್ಕ,

ಇಷ್ಟು ದಿನ ಬರೆಯಲಿಲ್ಲ ಎನ್ನುವುದು ಸುಳ್ಳು. ಮೂರು ಕಾಗದ ಬರೆದು ಹರಿದೆ.

ಮೊದಲನೆಯದರಲ್ಲಿ ನಿನಗೆ ಬಾಯಿಗೆ ಬಂದ ಹಾಗೆ ಬೈದಿದ್ದೆ. ಅಮ್ಮನ ಕೈ ನೋಡಿ ಊಟ ಬಿಟ್ಟು ಎದ್ದವನು ನಾನು, ಅವಳ ಕೊನೆಯ ಮುಖ ನೋಡದೆ ಉಳಿದವನು ನಾನು, ಎಲ್ಲ ನಿನ್ನ ಒಂದು ಕಾಗದದಿಂದ ಎಂದು ಬರೆದೆ. ಪೋಸ್ಟ್ ಡಬ್ಬಿಯವರೆಗೆ ಹೋಗಿ ವಾಪಸು ತಂದೆ. ಎರಡನೆಯದರಲ್ಲಿ ನಿನ್ನದೇನೂ ತಪ್ಪಿಲ್ಲ ಎಂದು ಬರೆದಿದ್ದೆ. ಅದೂ ನಿಜವಲ್ಲ, ಹರಿದೆ.

ಮೂರನೆಯದನ್ನು ಬರೆಯುವಾಗ ಒಂದು ವಿಷಯ ಹೊಳೆಯಿತು. ನೀನು ಆ ಸುಳ್ಳು ಬರೆದಾಗ ನಿನಗೆ ಹದಿನೈದು ವರ್ಷ, ಎದುರಿಗೆ ಅಮ್ಮ ಬಿದ್ದಿದ್ದಳು. ನಾನು ಹಲಗೆ ಮುಚ್ಚಿದಾಗ ನನಗೆ ನಲವತ್ತೇಳು. ಅಮ್ಮ ಎದುರಿಗೇ ಕೂತಿದ್ದಳು, ತಟ್ಟೆಯಲ್ಲಿ ಬಡಿಸುತ್ತಿದ್ದಳು. ಆ ಸಂಜೆ ಎಲ್ಲಿಗೆ ಹೋಗಿದ್ದೆ, ಅಂಗೈಗೆ ಏನಾಗಿತ್ತು ಎಂದು ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದಳು. ಬಾಗಿಲು ಬಡಿದೆ ಕಣೋ ಅನ್ನುತ್ತಿದ್ದಳು. ಕೇಳದೆ ತೀರ್ಪು ಕೊಟ್ಟು ಎದ್ದು ಹೋದವನು ನಾನು. ನಿನ್ನ ಕಾಗದ ಅದಕ್ಕೆ ಕಾರಣವಲ್ಲ.

ಇಲ್ಲಿನ ಪೊಲೀಸರು ಬಂದು, ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ತೋರಿಸಿ, ನನ್ನ ಹೇಳಿಕೆ ಬರೆದುಕೊಂಡು ಹೋದರು. ಮಾತಿನ ನಡುವೆ ಎಷ್ಟೋ ಸಲ ನಿಂತೆ. ಯಾರೂ ಏನೂ ಹೇಳಿಕೊಡಲಿಲ್ಲ. ಈ ಮೌನಕ್ಕೆ ಇನ್ನೂ ಹೊಂದಿಕೊಳ್ಳುತ್ತಿದ್ದೇನೆ. ಕೆಲವೊಮ್ಮೆ ಸುಮ್ಮನೆ ಕಾಯುತ್ತೇನೆ.

ಅಪ್ಪನನ್ನು ಅಮ್ಮನ ಪಕ್ಕದಲ್ಲೇ ಇಡೋಣ. ಅವನು ಬಿಟ್ಟು ಹೋಗಿರಲಿಲ್ಲ ಎಂದು ಅವಳಿಗೆ ಹೇಳುವವರು ಬೇರೆ ಯಾರಿದ್ದಾರೆ? ಪೆಟ್ಟಿಗೆ ನಾನೇ ಮಾಡಿದ್ದೇನೆ. ಚಿಕ್ಕದು ಸಾಕು ಎಂದು ನೀನು ಬರೆದ ಗಂಟಿನ ಅಳತೆಯಿಂದ ತಿಳಿಯಿತು, ಆದರೂ ಆಳುದ್ದ ಮಾಡಿದೆ. ಬಸ್ಸಿನ ಮೇಲೆ ಹಾಕಿಸಿಕೊಂಡು ಬರುತ್ತೇನೆ.

ಮುಂದಿನ ವಾರ ಗುರುವಾರ ಬೆಳಿಗ್ಗೆ ಏಳಕ್ಕೆ ಇಳಿಯುತ್ತೇನೆ. ನಿಲ್ದಾಣಕ್ಕೆ ನೀನೇ ಬಾ. ಅಮ್ಮನನ್ನು ಎಲ್ಲಿ ಮಣ್ಣು ಮಾಡಿದ್ದೀರಿ ಎಂದು ನನಗೆ ಗೊತ್ತಿಲ್ಲ, ದಾರಿಯಲ್ಲಿ ಯಾರನ್ನಾದರೂ ಕೇಳಲು ನಾಚಿಕೆ.

ಮರಿ